ನೋಟಿಸ್ ಬರುವ ಮುಂಚೆ, ಬಂದ ಮೇಲೆ: ಬೆಂಗಳೂರು ಸುತ್ತಿನ ಹೊಲವನ್ನು ಕಾನೂನಿನ ದಾರಿಯಲ್ಲಿ ಉಳಿಸಿಕೊಳ್ಳುವುದು ಹೇಗೆ

ಶನಿವಾರ ಬೆಳಿಗ್ಗೆ ನಮ್ಮ ಮನೆ ಜಗುಲಿಗೆ ಕಾಗದದ ಗಂಟು ಹಿಡಿದುಕೊಂಡು ಜನ ಬರುತ್ತಾರೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ಆನೇಕಲ್, ಯಾವ ಕಡೆಯವರಾದರೂ ಕಥೆ ಒಂದೇ. ಭೂಸ್ವಾಧೀನದ ನೋಟಿಸ್ ಬಂದಿದೆ, ಮೂವತ್ತು ದಿನ ಟೈಮ್ ಇದೆ, ಅದರಲ್ಲಿ ಇಪ್ಪತ್ತು ದಿನ ಈಗಾಗಲೇ ಕಳೆದಿದೆ. ಪಹಣಿ ನೋಡಿದರೆ ಹೆಸರು ತೀರಿಹೋದ ತಾತನದು. ಉಳಿದ ಹತ್ತು ದಿನ ಮರಣ ಪ್ರಮಾಣಪತ್ರ ಹುಡುಕುವುದರಲ್ಲೇ ಮುಗಿಯುತ್ತದೆ. ಆಕ್ಷೇಪಣೆ ಹೋಗುವುದೇ ಇಲ್ಲ, ಹೋದರೂ ಎರಡು ಸಾಲು: "ನಾವು ಬಡ ರೈತರು, ದಯಮಾಡಿ ಬಿಟ್ಟುಬಿಡಿ."

ತಪ್ಪು ಆಗುವುದು ಕೆಲಸದ ಸರದಿಯಲ್ಲಿ. ನಮ್ಮವರು ಮೊದಲು ಎಂಎಲ್‌ಎ ಮನೆಗೆ ಹೋಗುತ್ತಾರೆ, ಆಮೇಲೆ ವಕೀಲರ ಹತ್ತಿರ, ಕೊನೆಗೆ ತಾಲ್ಲೂಕು ಆಫೀಸಿಗೆ. ಅದನ್ನು ತಿರುಗಿಸಿ ಹಾಕಬೇಕು. ಕೆಳಗಿನ 1ರಿಂದ 6ರವರೆಗಿನ ಹಂತಗಳು ಯಾವ ನೋಟಿಸೂ ಇಲ್ಲದ ಕಾಲದಲ್ಲಿ ಮಾಡುವಂಥವು. 7ರಿಂದ ಮುಂದಿನವು ನೋಟಿಸ್ ಬಂದ ಮೇಲಿನವು. ಇವತ್ತೇ ನೋಟಿಸ್ ಕೈಯಲ್ಲಿದ್ದರೆ ನೇರವಾಗಿ 7ಕ್ಕೆ ಹೋಗಿ, ಉಳಿದಿದ್ದನ್ನು ರಾತ್ರಿ ಓದಿ.

## ಕೈಯಲ್ಲಿ ಇರಬೇಕಾದದ್ದು

ಒಂದು ಗಟ್ಟಿ ಫೈಲು ತಗೊಳ್ಳಿ. ಪ್ರತಿ ಸರ್ವೆ ನಂಬರಿಗೂ ಬೇರೆ ಬೇರೆ. ಅದರಲ್ಲಿ ಈ ವರ್ಷದ ಪಹಣಿ, ಹಳೆಯ ಕೈಬರಹದ ಪಹಣಿ, ಮ್ಯುಟೇಷನ್ (ಖಾತೆ ಬದಲಾವಣೆ) ಪ್ರತಿ, ಕ್ರಯಪತ್ರ ಅಥವಾ ವಿಭಾಗ ಪತ್ರ ಅಥವಾ ಮಂಜೂರಾತಿ ಪತ್ರ, ಇಸಿ (ಋಣಭಾರ ಪ್ರಮಾಣಪತ್ರ), ಸರ್ವೆ ನಕ್ಷೆ, ಗ್ರಾಮ ನಕ್ಷೆ, ವಂಶವೃಕ್ಷ ಇರಲಿ. ಪಹಣಿ ಭೂಮಿ ವೆಬ್‌ಸೈಟಿನಲ್ಲಿ ಸಿಗುತ್ತದೆ, ಇಸಿ ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ. ಹಳೇ ದಾಖಲೆಗೆ ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ದೃಢೀಕೃತ ನಕಲಿಗೆ ಅರ್ಜಿ ಹಾಕಬೇಕು. ಮೂಲ ಪತ್ರಗಳನ್ನು ಯಾರ ಕೈಗೂ ಕೊಡಬೇಡಿ. "ಜೆರಾಕ್ಸ್ ಮಾಡಿಸಿ ತಂದುಕೊಡ್ತೀನಿ" ಅಂದವರಿಗಂತೂ ಬೇಡವೇ ಬೇಡ.

## ಹಂತ 1: ಪಹಣಿಯನ್ನು ಕಾಲಂ ಕಾಲಂ ಓದಿ

ಎಲ್ಲರ ಮನೆಯಲ್ಲೂ ಪಹಣಿ ಇರುತ್ತದೆ. ಓದಿದವರು ಕಡಿಮೆ. ನಾಲ್ಕು ಜಾಗ ನೋಡಿದರೆ ಸಾಕು.

3ನೇ ಕಾಲಂನಲ್ಲಿ ವಿಸ್ತೀರ್ಣ ಮತ್ತು ಖರಾಬು ಇರುತ್ತದೆ. 'ಅ' ಖರಾಬು ಅಂದರೆ ಉಳಲು ಬಾರದ ನೆಲ. 'ಬ' ಖರಾಬು ಅಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಜಾಗ, ಅದು ನಿಮ್ಮದಲ್ಲ. 9ನೇ ಕಾಲಂನಲ್ಲಿ ಮಾಲೀಕರ ಹೆಸರು. 11ರಲ್ಲಿ ಸಾಲ, ಕೋರ್ಟ್ ತಡೆ, ಭೂಸ್ವಾಧೀನದ ನಮೂದು. 12ರಲ್ಲಿ ಯಾರು ಉಳುತ್ತಿದ್ದಾರೆ, ಯಾವ ಬೆಳೆ.

ಎಚ್ಚರಿಕೆಯ ಗುರುತು: 11ನೇ ಕಾಲಂನಲ್ಲಿ ನಿಮಗೆ ಅರ್ಥವಾಗದ ಒಂದೇ ಒಂದು ಸಾಲು ಇದ್ದರೂ ಅದರ ಮೂಲ ಆದೇಶದ ನಕಲು ಕೇಳಿ. ಎಷ್ಟೋ ಮನೆಗಳಿಗೆ ಸ್ವಾಧೀನದ ಸುದ್ದಿ ಮೊದಲು ಗೊತ್ತಾಗುವುದು ಬ್ಯಾಂಕಿನವರು ಬೆಳೆ ಸಾಲ ಕೊಡುವುದಿಲ್ಲ ಅಂದಾಗ. ಆರು ತಿಂಗಳಿಗೊಮ್ಮೆ ಪಹಣಿ, ವರ್ಷಕ್ಕೊಮ್ಮೆ ಇಸಿ ತೆಗೆದು ನೋಡುವ ಅಭ್ಯಾಸ ಇಟ್ಟುಕೊಳ್ಳಿ.

## ಹಂತ 2: ಸತ್ತವರ ಹೆಸರಿನಿಂದ ಇರುವವರ ಹೆಸರಿಗೆ

ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ನಾಡಕಚೇರಿಯಲ್ಲಿ ಅರ್ಜಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಆಧಾರ್ ಬೇಕು. ಕೆಲಸದ ಸರದಿ ಹೀಗೆ: ಮೊದಲು ಪೌತಿ, ಆಮೇಲೆ ಭಾಗ ಮಾಡಿಕೊಳ್ಳುವುದಾದರೆ 11ಇ ನಕ್ಷೆ (ಭಾಗಗಳನ್ನು ಅಳೆದು ತೋರಿಸುವ ಸರ್ವೆ ನಕ್ಷೆ), ಆಮೇಲೆ ನೋಂದಾಯಿತ ವಿಭಾಗ ಪತ್ರ, ಕೊನೆಗೆ ಮ್ಯುಟೇಷನ್ ಆಗಿ ಬೇರೆ ಬೇರೆ ಪಹಣಿ. ನಕ್ಷೆ ಇಲ್ಲದೆ ಪತ್ರ ಬರೆಸಲು ಹೋಗಿ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ವಾಪಸ್ ಬಂದವರನ್ನು ಬೇಕಾದಷ್ಟು ನೋಡಿದ್ದೇನೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು: ಅಕ್ಕ ತಂಗಿಯರ ಹೆಸರು ಬಿಡುವುದು. "ಮದುವೆ ಮಾಡಿ ಕೊಟ್ಟಾಗಿದೆ, ಅವರಿಗೇನು" ಅನ್ನುವ ಮಾತು ಕಾನೂನಿನಲ್ಲಿ ನಿಲ್ಲುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲು. ನಮ್ಮ ರಾಜ್ಯದ ತಿದ್ದುಪಡಿ ಇನ್ನೂ ಮುಂಚೆಯೇ, 1994ರಲ್ಲಿ ಜಾರಿಯಾಗಿತ್ತು. ಹೆಸರು ಬಿಟ್ಟರೆ ಮುಂದೆ ದಾವೆ ಬರುತ್ತದೆ, ಪರಿಹಾರದ ಹಣವೂ ಕೋರ್ಟಿನಲ್ಲಿ ಕೂರುತ್ತದೆ. ಇನ್ನೊಂದು ಮಗ್ಗುಲೂ ಇದೆ. ಅಣ್ಣ ಒಬ್ಬನೇ ಗುಟ್ಟಾಗಿ ಮಾರಲು ಹೊರಟಾಗ ಪಹಣಿಯಲ್ಲಿರುವ ತಂಗಿಯ ಹೆಸರೇ ಹೊಲವನ್ನು ಹಿಡಿದು ನಿಲ್ಲಿಸಿದ್ದನ್ನು ನಾನೇ ಕಂಡಿದ್ದೇನೆ.

## ಹಂತ 3: ಹದ್ದು ಗಟ್ಟಿ ಮಾಡಿ

ಹದ್ದುಬಸ್ತಿಗೆ (ಹೊಲದ ಗಡಿ ಗುರುತಿಸಲು) ಅರ್ಜಿ ಹಾಕಿ ಅಳತೆ ಮಾಡಿಸಿ. ಸರ್ವೆಯರ್ ಬರುವ ದಿನ ಮನೆಯವರು ಇಬ್ಬರಾದರೂ ಹೊಲದಲ್ಲಿರಿ. ಅಕ್ಕಪಕ್ಕದವರಿಗೆ ನೋಟಿಸ್ ಹೋಗಿದೆಯೇ ಕೇಳಿ. ಕಲ್ಲು ನೆಟ್ಟ ಮೇಲೆ ಫೋಟೊ ತೆಗೆದು ನಕ್ಷೆಯ ಪ್ರತಿ ಪಡೆಯಿರಿ.

ದಿಶಾಂಕ್ ಆ್ಯಪ್ ಮೊಬೈಲಿನಲ್ಲಿ ಸರ್ವೆ ನಂಬರ್ ತೋರಿಸುತ್ತದೆ, ಒಳ್ಳೆಯದೇ. ಆದರೆ ಅದು ಅಂದಾಜಿಗೆ ಮಾತ್ರ. ಅದರ ಸ್ಕ್ರೀನ್‌ಶಾಟ್ ಹಿಡಿದು ಪಕ್ಕದವರ ಜೊತೆ ಜಗಳಕ್ಕೆ ಇಳಿಯಬೇಡಿ.

ಪಕ್ಕದ ಲೇಔಟಿನವರು ಬದು ಒತ್ತಿದ್ದರೆ ಸುಮ್ಮನಿರುವುದು ಅಪಾಯ. 12 ವರ್ಷ ಪ್ರತಿಕೂಲ ಸ್ವಾಧೀನದಲ್ಲಿ (ಮಾಲೀಕರ ಒಪ್ಪಿಗೆ ಇಲ್ಲದೆ, ಬಹಿರಂಗವಾಗಿ) ಕೂತವರು ಅದೇ ವಾದ ಹಿಡಿದು ಕೋರ್ಟಿಗೆ ಬರುತ್ತಾರೆ. ರಾಜಕಾಲುವೆ, ಕೆರೆ ಅಂಗಳ, ಗುಂಡುತೋಪು, ಗೋಮಾಳ ಒತ್ತಿದ್ದರೆ ತಹಶೀಲ್ದಾರರಿಗೆ ಲಿಖಿತ ದೂರು ಕೊಡಿ. ಭೂಕಂದಾಯ ಕಾಯ್ದೆಯ ಸೆಕ್ಷನ್ 104ರಲ್ಲಿ ಸರ್ಕಾರಿ ಜಾಗದಿಂದ ತೆರವು ಮಾಡಿಸುವ ಅಧಿಕಾರವಿದೆ, 192ಎ ಅಡಿ ಒತ್ತುವರಿ ಅಪರಾಧ ಕೂಡ. ಕಾಲುವೆ ಮುಚ್ಚಿದರೆ ಕೆಳಗಿನ ಹೊಲ ಎರಡೇ ಮಳೆಗಾಲದಲ್ಲಿ ಜೌಗಾಗುತ್ತದೆ. ಆಮೇಲೆ "ಇದು ಬೆಳೆ ಬರುವ ಭೂಮಿಯಲ್ಲ" ಅಂತ ಹೇಳುವವರೂ ಅದೇ ಜನ.

## ಹಂತ 4: ನಿಮ್ಮ ಹೊಲ ಯಾವ ಬಣ್ಣದಲ್ಲಿದೆ?

ಬೆಂಗಳೂರಿನ ಸುತ್ತ ಒಂದೇ ಯೋಜನಾ ಪ್ರಾಧಿಕಾರ ಇಲ್ಲ. ನಗರದ ಪಾಲಿಗೆ ಒಂದು, ವಿಮಾನ ನಿಲ್ದಾಣದ ಸುತ್ತ ಬಯಪಾ (ಆ ಪ್ರದೇಶದ ಯೋಜನಾ ಪ್ರಾಧಿಕಾರ), ಉಳಿದಂತೆ ನೆಲಮಂಗಲ, ಹೊಸಕೋಟೆ, ಆನೇಕಲ್, ಮಾಗಡಿ, ಕನಕಪುರದ ಪ್ರಾಧಿಕಾರಗಳು. ನಿಮ್ಮ ಸರ್ವೆ ನಂಬರ್ ಯಾವುದರ ಮಾಸ್ಟರ್ ಪ್ಲಾನ್‌ನಲ್ಲಿದೆ, ಅಲ್ಲಿ ಕೃಷಿ ವಲಯವೋ ವಸತಿ ವಲಯವೋ, ಲಿಖಿತವಾಗಿ ಕೇಳಿ ಪಡೆಯಿರಿ. ನಕ್ಷೆಯಲ್ಲಿ ಹಳದಿ ಅಂದರೆ ವಸತಿ ವಲಯ; ಬ್ರೋಕರ್ "ಯೆಲ್ಲೋ ಝೋನ್ ಆಗಿಹೋಗಿದೆ ಅಣ್ಣ" ಅಂದಿದ್ದನ್ನು ನಂಬಬೇಡಿ.

ಕೃಷಿ ವಲಯದಲ್ಲಿದ್ದರೆ ಏನು ಲಾಭ? ಅಲ್ಲಿ ಖಾಸಗಿಯವರು ಲೇಔಟ್ ಮಾಡಬೇಕೆಂದರೆ ಭೂಕಂದಾಯ ಕಾಯ್ದೆಯ ಸೆಕ್ಷನ್ 95ರ ಪರಿವರ್ತನೆಗೆ (ಕೃಷಿ ಭೂಮಿಯನ್ನು ಕೃಷಿಯೇತರ ಬಳಕೆಗೆ ಬದಲಿಸುವುದಕ್ಕೆ) ಮುಂಚೆ, ನಗರ ಯೋಜನಾ ಕಾಯ್ದೆಯ 14ಎ ಅಡಿ ಭೂ ಬಳಕೆ ಬದಲಾವಣೆ ಆಗಬೇಕು. ಅದಕ್ಕೆ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಅಲ್ಲಿ ಆಕ್ಷೇಪಣೆ ಹಾಕುವ ಹಕ್ಕು ನಿಮಗಿದೆ. ಆ ಪುಟ್ಟ ಅಕ್ಷರದ ಜಾಹೀರಾತನ್ನು ಊರಿನಲ್ಲಿ ಒಬ್ಬರಾದರೂ ದಿನಾ ನೋಡಬೇಕು. ಓದು ಬಲ್ಲ ಹುಡುಗರಿಗೆ ಹೇಳಿ, ಹೇಗೂ ಮೊಬೈಲ್ ಹಿಡಿದೇ ಕೂತಿರುತ್ತಾರೆ.

ಆದರೆ ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಗ್ರೀನ್ ಬೆಲ್ಟ್, ಅಂದರೆ ಹಸಿರು ವಲಯ, ಅನ್ನುವುದು ಖಾಸಗಿ ಲೇಔಟಿಗೆ ಅಡ್ಡ, ಸರ್ಕಾರದ ಸ್ವಾಧೀನಕ್ಕೆ ಅಡ್ಡ ಅಲ್ಲ. "ನಮ್ಮದು ಹಸಿರು ವಲಯ, ಯಾರೂ ಮುಟ್ಟಲ್ಲ" ಅಂತ ನಿಶ್ಚಿಂತೆಯಾಗಿ ಕೂತವರೇ ಜಾಸ್ತಿ ಮೋಸ ಹೋಗಿದ್ದಾರೆ.

## ಹಂತ 5: ಬೆಳೆಗೆ ಸಾಕ್ಷಿ ಕೂಡಿಡಿ

ಇದನ್ನು ಯಾರೂ ಮಾಡುವುದಿಲ್ಲ. ಆಕ್ಷೇಪಣೆಗೆ ಬಲ ಬರುವುದೋ ಇದರಿಂದಲೇ.

ಪ್ರತಿ ಹಂಗಾಮಿನ ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಹೊಲಕ್ಕೆ ಏನು ದಾಖಲಾಗಿದೆ, ಬೆಳೆ ದರ್ಶಕ್ ಆ್ಯಪಿನಲ್ಲಿ ನೋಡಿ. ರಾಗಿ ಜೊತೆಗೆ ಅವರೆ ಅಕ್ಕಡಿ ಹಾಕಿದ್ದರೂ ಅಲ್ಲಿ 'ಪಾಳು' ಅಂತ ಬಿದ್ದಿರುವುದುಂಟು. ತಪ್ಪಿದ್ದರೆ ಆಗಲೇ ಆಕ್ಷೇಪಣೆ ಹಾಕಿ, ರೈತ ಸಂಪರ್ಕ ಕೇಂದ್ರಕ್ಕೂ ಹೋಗಿ. ಮೂರು ವರ್ಷ ಪಾಳು ಅಂತ ಇದ್ದರೆ, ಸ್ವಾಧೀನದ ಕಡತದಲ್ಲಿ ನಿಮ್ಮ ಹೊಲ 'ಬೀಳು ಭೂಮಿ' ಆಗಿ ಕೂರುತ್ತದೆ.

ಜೊತೆಗೆ ಇವನ್ನೆಲ್ಲ ಫೈಲಿಗೆ ಹಾಕಿ: ರಾಗಿ ಖರೀದಿ ಕೇಂದ್ರದ ರಸೀದಿ, ರೇಷ್ಮೆ ಗೂಡಿನ ಮಾರುಕಟ್ಟೆಯ ಚೀಟಿ, ಡೇರಿಗೆ ಹಾಲು ಹಾಕಿದ ಪಾಸ್‌ಬುಕ್, ಹಾಪ್‌ಕಾಮ್ಸ್ ಅಥವಾ ಮಂಡಿಯ ಬಿಲ್ಲು, ಬೋರ್‌ವೆಲ್ಲಿನ ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ), ಬೆಳೆ ಸಾಲದ ಪತ್ರ, ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ). ಚಕ್ಕೋತ, ದ್ರಾಕ್ಷಿ, ಮಾವು, ತೆಂಗು ಇದ್ದರೆ ಗಿಡ ಎಣಿಸಿ ಬರೆದಿಡಿ. ದೇವನಹಳ್ಳಿ ಚಕ್ಕೋತ, ಬೆಂಗಳೂರು ನೀಲಿ ದ್ರಾಕ್ಷಿ, ಬೆಂಗಳೂರು ಗುಲಾಬಿ ಈರುಳ್ಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ನೀವು ಅದನ್ನು ಬೆಳೆಯುತ್ತಿದ್ದರೆ ಆಕ್ಷೇಪಣೆಯಲ್ಲಿ ತಪ್ಪದೆ ಬರೆಯಿರಿ.

## ಹಂತ 6: ಸಹಿ ಹಾಕುವ ಮುಂಚೆ

2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು. ಬಾಗಿಲು ತೆರೆದಿದೆ ಅಂತಲೇ ಲೆಕ್ಕ. ಹಾಗಾಗಿ ನಿಮ್ಮ ಸಹಿಯೇ ಈಗ ಬೀಗ.

ಮಾಮೂಲಿ ಬಲೆ ಹೀಗಿರುತ್ತದೆ. ಸ್ವಲ್ಪ ಮುಂಗಡ, ಒಂದು ಕ್ರಯದ ಕರಾರು, ಜೊತೆಗೆ "ಓಡಾಟಕ್ಕೆ" ಒಂದು ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರ). ಜಿಪಿಎಯಿಂದ ಮಾಲೀಕತ್ವ ವರ್ಗವಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ, ನಿಜ. ಆದರೆ ಆ ಜಿಪಿಎ ಹಿಡಿದು ನಿಮ್ಮ ಹೆಸರಿನಲ್ಲೇ ಪರಿವರ್ತನೆಗೆ ಅರ್ಜಿ ಹಾಕಬಹುದು, ಸ್ವಾಧೀನಕ್ಕೆ ಒಪ್ಪಿಗೆಯನ್ನೂ ಕೊಡಬಹುದು. ಕೊಟ್ಟಾಗಿದ್ದರೆ ವಕೀಲರಿಂದ ನೋಟಿಸ್ ಕೊಡಿಸಿ, ನೋಂದಾಯಿತ ರದ್ದು ಪತ್ರ ಮಾಡಿಸಿ.

ಇನ್ನೆರಡು ಸಂಗತಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ, 1978ರ ಪಿಟಿಸಿಎಲ್ ಕಾಯ್ದೆಯಡಿ ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಿ ವಾಪಸ್ ಕೇಳಬಹುದು. ಅರ್ಜಿಗೆ ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿಯಾಗಿದೆ. ಎರಡನೆಯದು, ಹೊಲವನ್ನು ಗುತ್ತಿಗೆಗೆ ಕೊಡುವುದು. ಕೆಲವು ವಿನಾಯಿತಿ ಬಿಟ್ಟರೆ ಭೂ ಸುಧಾರಣಾ ಕಾಯ್ದೆಯ ಸೆಕ್ಷನ್ 5 ಅದನ್ನು ನಿಷೇಧಿಸುತ್ತದೆ. ಊರಲ್ಲೆಲ್ಲ ಬಾಯಿಮಾತಿನಲ್ಲಿ ನಡೆಯುತ್ತದೆ, ಗೊತ್ತು. ಅದನ್ನು ಕಾಗದಕ್ಕೆ ಇಳಿಸಿ ನೀವೇ ಪುರಾವೆ ಮಾಡಿಕೊಡಬೇಡಿ ಅಷ್ಟೆ.

## ಹಂತ 7: ನೋಟಿಸ್ ಬಂತು. ಯಾವ ಕಾಯ್ದೆಯದು?

ಮೊದಲ ಕೆಲಸ: ನೋಟಿಸ್ ತಲುಪಿದ ದಿನಾಂಕವನ್ನು ಅದರ ಮೇಲೇ ಬರೆಯಿರಿ, ಲಕೋಟೆ ಎಸೆಯಬೇಡಿ. ತಗೊಳ್ಳಲ್ಲ ಅಂತ ವಾಪಸ್ ಕಳಿಸುವುದು ದೊಡ್ಡ ತಪ್ಪು. ಬಾಗಿಲಿಗೆ ಅಂಟಿಸಿ ಹೋಗುತ್ತಾರೆ, ದಿನ ಎಣಿಕೆ ಶುರುವಾಗುತ್ತದೆ.

ಎರಡನೆಯದು: ತಲೆಬರಹದಲ್ಲಿ ಕಾಯ್ದೆಯ ಹೆಸರು ಹುಡುಕಿ. ಗಡುವು ಅದರ ಮೇಲೆ ನಿಂತಿದೆ.

ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ), ಅಂದರೆ 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ: ಪ್ರಾಥಮಿಕ ಅಧಿಸೂಚನೆ 28(1). ನಿಮಗೆ ಬರುವ ನೋಟಿಸ್ 28(2). ತಲುಪಿದ ದಿನದಿಂದ 30 ದಿನ. ವಿಚಾರಣೆ ಮುಗಿಸಿ 28(3) ಆದೇಶ, ಆಮೇಲೆ 28(4) ಅಂತಿಮ ಅಧಿಸೂಚನೆ. 28(4) ಗೆಜೆಟ್‌ನಲ್ಲಿ ಬಂದರೆ ಭೂಮಿ ಸರ್ಕಾರದ್ದಾಗುತ್ತದೆ.

ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ), 1976ರ ಕಾಯ್ದೆ: 17ನೇ ಸೆಕ್ಷನ್‌ನ ನೋಟಿಸ್, ತಲುಪಿದ ದಿನದಿಂದ 30 ದಿನ. ಅಂತಿಮ ಘೋಷಣೆ 19ರಲ್ಲಿ.

ರಾಷ್ಟ್ರೀಯ ಹೆದ್ದಾರಿ, 1956ರ ಕಾಯ್ದೆ: ಉಪನಗರ ವರ್ತುಲ ರಸ್ತೆಯಂಥವಕ್ಕೆ ಇದು. 3ಎ ಅಧಿಸೂಚನೆ ಗೆಜೆಟ್‌ನಲ್ಲಿ ಪ್ರಕಟವಾದ ದಿನದಿಂದ 21 ದಿನ ಮಾತ್ರ. ನಿಮ್ಮ ಮನೆಗೆ ಕಾಗದ ಬಂದ ದಿನದಿಂದ ಅಲ್ಲ! ಪತ್ರಿಕೆಯಲ್ಲಿ ಸರ್ವೆ ನಂಬರುಗಳ ಪಟ್ಟಿ ಕಂಡ ದಿನವೇ ಎದ್ದು ಹೊರಡಿ.

2013ರ ಭೂಸ್ವಾಧೀನ ಕಾಯ್ದೆ: ಸೆಕ್ಷನ್ 11ರ ಪ್ರಾಥಮಿಕ ಅಧಿಸೂಚನೆ, 60 ದಿನದೊಳಗೆ ಸೆಕ್ಷನ್ 15ರ ಆಕ್ಷೇಪಣೆ.

ಕಾಯ್ದೆ ಗೊತ್ತಾಗದೆ ಬರೆದ ಆಕ್ಷೇಪಣೆ ಹೇಗೆ ಬೀಳುತ್ತದೆ, ಒಂದು ಉದಾಹರಣೆ. ಎರಡು ಬೆಳೆ ಬರುವ ನೀರಾವರಿ ಭೂಮಿಯನ್ನು ಬೇರೆ ದಾರಿಯೇ ಇಲ್ಲದಾಗ ಮಾತ್ರ ತೆಗೆದುಕೊಳ್ಳಬೇಕು ಅಂತ 2013ರ ಕಾಯ್ದೆಯ ಸೆಕ್ಷನ್ 10 ಹೇಳುತ್ತದೆ. ಆಹಾರ ಭದ್ರತೆಗೆಂದೇ ಇಟ್ಟ ಸೆಕ್ಷನ್ ಅದು. ನಮ್ಮವರು ಕೆಐಎಡಿಬಿ ನೋಟಿಸಿಗೂ ಅದನ್ನೇ ಬರೆದು ಕೂರುತ್ತಾರೆ. "ಆ ಕಾಯ್ದೆ ಇಲ್ಲಿಗೆ ಅನ್ವಯಿಸುವುದಿಲ್ಲ" ಅಂತ ಒಂದೇ ಸಾಲಿನಲ್ಲಿ ತಳ್ಳಿಬಿಡುತ್ತಾರೆ. 2013ರ ಕಾಯ್ದೆಯಡಿ ಬಂದ ನೋಟಿಸಿನಲ್ಲೂ ನೋಡಿಕೊಳ್ಳಿ, ರಾಜ್ಯದ 2019ರ ತಿದ್ದುಪಡಿ ಕೆಲವು ಬಗೆಯ ಯೋಜನೆಗಳನ್ನು ಇದರಿಂದ ಹೊರಗಿಟ್ಟಿದೆ. ಸೆಕ್ಷನ್ ಅನ್ವಯಿಸದಿದ್ದರೂ ನೀರಾವರಿ, ಎರಡು ಬೆಳೆ ಎಂಬ ಸಂಗತಿಯನ್ನು ಬಿಡಬೇಡಿ. ಅದನ್ನು ಸಂಗತಿಯಾಗಿಯೇ ಪುರಾವೆ ಸಮೇತ ಬರೆಯಿರಿ.

## ಹಂತ 8: ಆಕ್ಷೇಪಣೆ ಬರೆಯುವುದು

ಊರಿನವರೆಲ್ಲ ಸಹಿ ಮಾಡಿದ ಒಂದೇ ಮನವಿ ಸಾಕು ಅಂದುಕೊಳ್ಳುತ್ತಾರೆ. ಸಾಲದು. ಊರಿನ ಮನವಿ ಇರಲಿ, ಗ್ರಾಮ ಸಭೆಯ ನಿರ್ಣಯವೂ ಇರಲಿ. ಅದರ ಜೊತೆಗೆ ಪ್ರತಿ ಖಾತೆದಾರರೂ ತಮ್ಮ ಸರ್ವೆ ನಂಬರಿಗೆ ಬೇರೆಯಾಗಿ ಬರೆಯಬೇಕು. ಜಂಟಿ ಖಾತೆಯಾದರೆ ಎಲ್ಲರ ಸಹಿ. ಪಹಣಿ ಇನ್ನೂ ತಾತನ ಹೆಸರಲ್ಲಿದ್ದರೆ ವಂಶವೃಕ್ಷ ಲಗತ್ತಿಸಿ ವಾರಸುದಾರರಾಗಿ ಬರೆಯಿರಿ, ಪೌತಿ ಆಗಲಿ ಅಂತ ಕಾಯಬೇಡಿ.

ಬರವಣಿಗೆ ಹೀಗಿರಲಿ:

"ಸರ್ವೆ ನಂ. ___ ರಲ್ಲಿ ನಮ್ಮದು 1 ಎಕರೆ 20 ಗುಂಟೆ. ಇಲ್ಲಿ ಬೋರ್‌ವೆಲ್ ಇದ್ದು ವರ್ಷಕ್ಕೆ ಎರಡು ಬೆಳೆ ತೆಗೆಯುತ್ತೇವೆ (ಪಹಣಿ, ಬೆಳೆ ಸಮೀಕ್ಷೆ: ಅನುಬಂಧ 1, 2). ಕುಟುಂಬಕ್ಕೆ ಬೇರೆ ಜಮೀನಿಲ್ಲ. ಐದು ಜನ ಇದರಿಂದಲೇ ಜೀವನ ನಡೆಸುತ್ತಿದ್ದೇವೆ (ಅನುಬಂಧ 3). ಯೋಜನೆಯ ವರದಿಯ ಪ್ರತಿ ನಮಗೆ ಕೊಟ್ಟಿಲ್ಲ. ಈ ಜಮೀನು ಯೋಜನೆಗೆ ಏಕೆ ಅನಿವಾರ್ಯ ಎಂದು ತಿಳಿಸಿಲ್ಲ. ನಮ್ಮನ್ನು ಖುದ್ದಾಗಿ ವಿಚಾರಣೆಗೆ ಕರೆದು ಲಿಖಿತ ಆದೇಶ ನೀಡಬೇಕು. ಜಮೀನನ್ನು ಸ್ವಾಧೀನದಿಂದ ಕೈಬಿಡಬೇಕು."

ಕೊನೆಯ ಎರಡು ಸಾಲು ಬಿಡಲೇಬೇಡಿ. ಮತ್ತೆ, ಆಕ್ಷೇಪಣೆಯಲ್ಲಿ "ಎಕರೆಗೆ ಇಷ್ಟು ಕೊಟ್ಟರೆ ಕೊಡುತ್ತೇವೆ" ಅಂತ ಎಲ್ಲೂ ಬರೆಯಬೇಡಿ. ಒಂದು ಸಾಲಿನ ಚೌಕಾಸಿ ಇಡೀ ಕಾಗದವನ್ನು ಒಪ್ಪಿಗೆ ಪತ್ರ ಮಾಡಿಬಿಡುತ್ತದೆ. ಪರಿಹಾರದ ಮಾತಿಗೆ ಬೇರೆ ಹಂತ ಇದೆ.

ಎರಡು ಪ್ರತಿ ತಗೊಂಡು ಹೋಗಿ, ನಿಮ್ಮ ಪ್ರತಿಯ ಮೇಲೆ ಮುದ್ರೆ, ದಿನಾಂಕ, ಟಪಾಲು ನಂಬರ್ ಹಾಕಿಸಿಕೊಳ್ಳಿ. "ಸಾಹೇಬರು ಇಲ್ಲ, ನಾಳೆ ಬನ್ನಿ" ಅಂದರೆ ಅವತ್ತೇ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಅದೇ ದಿನ ಹತ್ತು ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ ಯೋಜನೆಯ ಪ್ರಸ್ತಾವನೆ, ಸ್ಥಳ ಪರಿಶೀಲನಾ ವರದಿ ಕೇಳಿ. ಉತ್ತರಕ್ಕೆ 30 ದಿನ ಬೇಕಾಗಬಹುದು, ಆದ್ದರಿಂದ ಅದಕ್ಕಾಗಿ ಆಕ್ಷೇಪಣೆ ತಡೆಹಿಡಿಯಬೇಡಿ.

## ಹಂತ 9: ವಿಚಾರಣೆ, ದರದ ಸಭೆ, ಹೈಕೋರ್ಟ್

ವಿಚಾರಣೆಯ ದಿನ ಫೈಲಿನ ಜೊತೆ ಹೋಗಿ. ಅಧಿಕಾರಿ ಬರೆದುಕೊಂಡಿದ್ದನ್ನು ಪೂರ್ತಿ ಓದಿಸಿ ಕೇಳಿ, ಆಮೇಲೆ ಸಹಿ. ಕನ್ನಡದಲ್ಲೇ ಬರೆಯಿರಿ ಅನ್ನಲು ಸಂಕೋಚ ಬೇಡ.

2024ರಲ್ಲಿ ಸುಪ್ರೀಂ ಕೋರ್ಟ್ ಸಂವಿಧಾನದ 300ಎ ವಿಧಿಯನ್ನು ವಿವರಿಸುತ್ತಾ ಆಸ್ತಿ ಹಕ್ಕಿನೊಳಗೆ ಏಳು ಹಕ್ಕುಗಳಿವೆ ಅಂತ ಹೇಳಿತು. ನೋಟಿಸ್ ಕೊಡುವುದು, ಅಹವಾಲು ಕೇಳುವುದು, ಕಾರಣ ಸಮೇತ ತೀರ್ಮಾನ ತಿಳಿಸುವುದು ಅದರಲ್ಲಿ ಮೊದಲ ಮೂರು. ನಿಮ್ಮ ಆಕ್ಷೇಪಣೆಗೆ ಉತ್ತರವೇ ಇಲ್ಲದೆ ಎಲ್ಲರಿಗೂ ಒಂದೇ ಒಕ್ಕಣೆಯ ಆದೇಶ ಬಂದಿದ್ದರೆ, ಹೈಕೋರ್ಟಿನಲ್ಲಿ ಹಿಡಿಯಬೇಕಾದ ಎಳೆ ಅದು. ತಡ ಮಾಡಿದಷ್ಟೂ ಕೇಸು ತೆಳುವಾಗುತ್ತದೆ. ಅಂತಿಮ ಅಧಿಸೂಚನೆ ಬಂದು ವರ್ಷಗಳಾದ ಮೇಲೆ ಹೋದರೆ "ಇಷ್ಟು ದಿನ ಎಲ್ಲಿದ್ದಿರಿ" ಅನ್ನುವುದೇ ಮೊದಲ ಪ್ರಶ್ನೆ.

ವಕೀಲರ ಶುಲ್ಕಕ್ಕೆ ದುಡ್ಡಿಲ್ಲದಿದ್ದರೆ ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತ ನೆರವು ಸಿಗುತ್ತದೆ. ಖಾತೆಯಲ್ಲಿ ತಂಗಿಯ ಹೆಸರಿದ್ದರೆ ಅರ್ಜಿ ಅವಳ ಹೆಸರಲ್ಲೇ ಹೋಗಲಿ. ನೋಡಿ, ಎರಡನೇ ಹಂತ ಮತ್ತೆ ಕೆಲಸಕ್ಕೆ ಬಂತು.

ನಡುವೆ ದರ ನಿಗದಿ ಸಭೆ ಅಂತ ಕರೆಯುತ್ತಾರೆ. ಹೋಗಿ, ಕೇಳಿ. ಖಾಲಿ ಹಾಳೆಗೆ ಸಹಿ ಬೇಡ. ಹಾಜರಾತಿ ಪುಸ್ತಕದ ತಲೆಬರಹವನ್ನು ಓದಿ, ಬೇಕಾದರೆ ಸಹಿಯ ಪಕ್ಕ "ಸ್ವಾಧೀನಕ್ಕೆ ಒಪ್ಪಿಗೆ ಇಲ್ಲ" ಅಂತ ಬರೆಯಿರಿ. ಎಚ್ಚರಿಕೆಯ ಗುರುತು: ಸಭೆಗೆ ಮುಂಚೆಯೇ ಯಾರೋ ಬಂದು ಬ್ಯಾಂಕ್ ಖಾತೆ ವಿವರ, ಆಧಾರ್ ಪ್ರತಿ, ಪಾಸ್‌ಪೋರ್ಟ್ ಸೈಜ್ ಫೋಟೊ ಕೇಳುವುದು. ಒಪ್ಪಿಗೆ ಕಡತ ಹಾಗೇ ಶುರುವಾಗುವುದು.

ಹೊಲದಲ್ಲಿ ಬೆಳೆ ಮಾತ್ರ ನಿಲ್ಲಿಸಬೇಡಿ. ನೋಟಿಸ್ ಬಂತು ಅಂತ ಬಿತ್ತನೆ ಬಿಟ್ಟರೆ ಮುಂದಿನ ಹಂಗಾಮಿನ ಪಹಣಿ ಅವರ ಸಾಕ್ಷಿ ಆಗುತ್ತದೆ.

## ಹಂತ 10: "ಕೈಬಿಟ್ಟಿದ್ದೇವೆ" ಅಂದ ಮೇಲೆ

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆ ಸ್ವಾಧೀನದ ವಿರುದ್ಧ ರೈತರು ಮೂರು ವರ್ಷಕ್ಕೂ ಜಾಸ್ತಿ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಸ್ವಾಧೀನ ಕೈಬಿಡುವುದಾಗಿ ಘೋಷಿಸಿದರು. ಟಿವಿಯಲ್ಲಿ ಅದನ್ನು ನೋಡಿ ನಮ್ಮ ಕಡೆಯ ಒಬ್ಬರು ಫೋನ್ ಮಾಡಿ, "ಇನ್ನು ನಮ್ಮ ಪಹಣಿ ಕ್ಲೀನ್ ಆಯ್ತಲ್ವಾ?" ಅಂದರು. ಅವರ ಊರು ಆ ಹದಿಮೂರರಲ್ಲಿ ಇರಲೇ ಇಲ್ಲ, ಅದು ಬೇರೆ ಮಾತು. ಇದ್ದಿದ್ದರೂ ಘೋಷಣೆ ಒಂದು, ಗೆಜೆಟ್ ಇನ್ನೊಂದು, ಪಹಣಿ ಮತ್ತೊಂದು.

ಕೈಬಿಟ್ಟ ಅಧಿಸೂಚನೆ ಗೆಜೆಟ್‌ನಲ್ಲಿ ಬಂದಿದೆಯೇ ನೋಡಿ. ನಿಮ್ಮ ಸರ್ವೆ ನಂಬರ್, ಹಿಸ್ಸಾ (ಸರ್ವೆ ನಂಬರಿನೊಳಗಿನ ಉಪಭಾಗದ ಸಂಖ್ಯೆ), ವಿಸ್ತೀರ್ಣ ಅದರಲ್ಲಿ ಸರಿಯಾಗಿ ಇದೆಯೇ ಒಂದೊಂದೇ ಟಿಕ್ ಹಾಕಿ. ಹಿಸ್ಸಾ ನಂಬರ್ ತಪ್ಪಿದ್ದರೆ ತಿದ್ದುಪಡಿಗೆ ತಕ್ಷಣ ಬರೆಯಿರಿ. ಆ ಗೆಜೆಟ್ ಪ್ರತಿ ಲಗತ್ತಿಸಿ, 11ನೇ ಕಾಲಂನ ನಮೂದು ತೆಗೆಯುವಂತೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಮುದ್ರೆ ಹಾಕಿಸಿಕೊಳ್ಳಿ. ಅದಾದ ಮೇಲೆ ಹೊಸ ಪಹಣಿ ತೆಗೆದು ನೋಡಿ. 11ನೇ ಕಾಲಂ ಖಾಲಿ ಕಂಡ ದಿನ ಒಂದು ದೃಢೀಕೃತ ಪ್ರತಿ ಪಡೆದು ಫೈಲಿನ ಎಲ್ಲಕ್ಕಿಂತ ಮೇಲೆ ಇಡಿ.